ಬೆಂಗಳೂರಿನ ಮನೆ ಸೋಲಾರ್‌ಗೆ ನಂಬಬಹುದಾದ ಲಿಥಿಯಂ ಬ್ಯಾಟರಿ ಆರಿಸೋದು ಹೇಗೆ?

ಎಲ್‌ಎಫ್‌ಪಿ, ಅಂದರೆ ಲಿಥಿಯಂ ಐರನ್ ಫಾಸ್ಫೇಟ್ ಸೆಲ್ ಇರುವುದನ್ನೇ ತಗೊಳ್ಳಿ. ಇನ್ನೊಂದು ಬಗೆಯ ಲಿಥಿಯಂ ಸೆಲ್ ಆದ ಎನ್‌ಎಂಸಿಗಿಂತ (ನಿಕಲ್ ಮ್ಯಾಂಗನೀಸ್ ಕೋಬಾಲ್ಟ್) ತೂಕ ಹೆಚ್ಚು, ಆದರೆ ಬಿಸಿ ತಡೆಯುತ್ತೆ, ಬಾಳಿಕೆಯೂ ಜಾಸ್ತಿ.

ಜನ ಬ್ರ್ಯಾಂಡ್ ನೋಡ್ತಾರೆ, ಬಿಎಂಎಸ್, ಅಂದರೆ ಪ್ರತಿ ಸೆಲ್ ಮೇಲೆ ಕಣ್ಣಿಟ್ಟು ಬ್ಯಾಟರಿ ಕಾಯುವ ಸರ್ಕ್ಯೂಟ್ ಬಗ್ಗೆ ಕೇಳೋದೇ ಇಲ್ಲ. ನನ್ನ ಪ್ರಕಾರ ಅದೇ ಮುಖ್ಯ. ಸಾಮಾನ್ಯವಾಗಿ 16 ಸೆಲ್ ಸರಣಿಯಲ್ಲಿ ಸೇರಿ 51.2 ವೋಲ್ಟ್ ಆಗುತ್ತೆ. ಅದರಲ್ಲಿ ಒಂದೇ ಒಂದು ಸೆಲ್ 3.65 ವೋಲ್ಟ್ ಮುಟ್ಟಿದರೂ ಬಿಎಂಎಸ್ ಚಾರ್ಜಿಂಗ್ ನಿಲ್ಲಿಸಬೇಕು. ಕೊಳ್ಳುವ ಮುಂಚೆ ಬ್ಯಾಟರಿಯ ಆ್ಯಪ್‌ನಲ್ಲಿ ಪ್ರತಿ ಸೆಲ್‌ನ ವೋಲ್ಟೇಜ್ ತೋರಿಸಲು ಮಾರುವವರಿಗೆ ಹೇಳಿ. ಚಾರ್ಜ್ ತುಂಬುವ ಹೊತ್ತಿಗೆ ಒಂದು ಸೆಲ್ ಮಾತ್ರ ಮುಂದೆ ಓಡುತ್ತಿದ್ದರೆ ಆ ಪ್ಯಾಕ್ ಬೇಡ. ತೋರಿಸಲು ಹಿಂದೇಟು ಹಾಕಿದರೂ ಬೇಡ. ಲಿಥಿಯಂ ಬ್ಯಾಟರಿ ಸುರಕ್ಷತೆಯ ಅಂತರರಾಷ್ಟ್ರೀಯ ಮಾನದಂಡವಾದ ಐಇಸಿ 62619ರ ಪರೀಕ್ಷಾ ವರದಿಯನ್ನೂ ಕೇಳಿ.

ಬ್ಯಾಟರಿ ಇನ್ವರ್ಟರ್ ಜೊತೆ ಕ್ಯಾನ್ ಅಥವಾ ಆರ್‌ಎಸ್485 ಎಂಬ ಡೇಟಾ ಕೇಬಲ್ ಸಂಪರ್ಕದ ಮೂಲಕ ಮಾತಾಡಬೇಕು. ಬರೀ ಆನ್‌ಗ್ರಿಡ್ ಇನ್ವರ್ಟರ್ ಇದ್ದರೆ ಬೆಸ್ಕಾಂ ಕರೆಂಟ್ ಹೋದಾಗ ಸೋಲಾರೂ ನಿಲ್ಲುತ್ತೆ, ಬ್ಯಾಟರಿಯಿಂದಲೂ ನಡೆಯುವ ಹೈಬ್ರಿಡ್ ಇನ್ವರ್ಟರ್ ಬೇಕಾಗುತ್ತೆ.

51.2 ವೋಲ್ಟ್‌ನ 100 ಆ್ಯಂಪಿಯರ್ ಅವರ್ ಪ್ಯಾಕ್ ಅಂದರೆ ಸುಮಾರು 5 ಯೂನಿಟ್. ಫ್ರಿಜ್, ಫ್ಯಾನ್, ಲೈಟು ಸೇರಿ 400 ವಾಟ್ ಲೋಡ್‌ಗೆ ಹತ್ತು ಗಂಟೆ ಹತ್ತಿರ ಬರುತ್ತೆ.

ಟೆರೇಸ್‌ನ ಶೀಟ್ ಕೆಳಗೆ ಮಾತ್ರ ದಯವಿಟ್ಟು ಇಡಬೇಡಿ. ಏಪ್ರಿಲ್ ಬಿಸಿಲಲ್ಲಿ ಅಲ್ಲಿನ ಕಾವು ಬ್ಯಾಟರಿ ಆಯಸ್ಸು ತಿನ್ನುತ್ತೆ.