ಮಲೇರಿಯಾ ಮಾತ್ರೆಯ ಜೊತೆ ಕಷಾಯ, ವಿಟಮಿನ್ ಕೊಡಬಹುದೇ?

ಪ್ರಶ್ನೆ: ನಮ್ಮದು ಶಹಾಪುರ ತಾಲ್ಲೂಕಿನ ಕಾಲುವೆ ಬದಿಯ ಊರು. ಭತ್ತದ ಗದ್ದೆಯಲ್ಲಿ ದುಡಿಯುವ ನನ್ನ ತಮ್ಮನಿಗೆ ಫಾಲ್ಸಿಪ್ಯಾರಮ್ ಮಲೇರಿಯಾ ಎಂದು ರಕ್ತಪರೀಕ್ಷೆಯಲ್ಲಿ ತಿಳಿದು, ಆರ್ಟಿಸುನೇಟ್ ಹಾಗೂ ಸಲ್ಫಾಡಾಕ್ಸಿನ್-ಪೈರಿಮೆಥಮಿನ್ ಮಾತ್ರೆಗಳ ಪೊಟ್ಟಣ ಕೊಟ್ಟಿದ್ದಾರೆ. ಬೇವು, ಅಮೃತಬಳ್ಳಿಯ ಕಷಾಯದೊಂದಿಗೆ ವಿಟಮಿನ್ ಸಿ ಮತ್ತು 5 ಮಿಲಿಗ್ರಾಂ ಫೋಲಿಕ್ ಆಮ್ಲದ ಗುಳಿಗೆಯನ್ನೂ ಕೊಡುತ್ತಿದ್ದೇವೆ. ಇದರಿಂದ ಬೇಗ ಗುಣವಾಗುವುದೇ?
– ಓದುಗರು, ಯಾದಗಿರಿ ಜಿಲ್ಲೆ

ಉತ್ತರ: ಫೋಲಿಕ್ ಆಮ್ಲದ ಗುಳಿಗೆಯನ್ನು ದಯವಿಟ್ಟು ಇಂದೇ ನಿಲ್ಲಿಸಿ. ಮಲೇರಿಯಾ ರೋಗಾಣು ತನಗೆ ಬೇಕಾದ ಫೋಲೇಟನ್ನು, ಅಂದರೆ ಫೋಲಿಕ್ ಆಮ್ಲದ ಬಗೆಯದೇ ವಿಟಮಿನ್ನನ್ನು, ತಾನೇ ತಯಾರಿಸಿಕೊಳ್ಳುತ್ತದೆ. ಸಲ್ಫಾಡಾಕ್ಸಿನ್-ಪೈರಿಮೆಥಮಿನ್ ಆ ತಯಾರಿಕೆಯನ್ನೇ ತಡೆದು ಅದನ್ನು ಸಾಯಿಸುತ್ತದೆ. ನೀವು ಹೊರಗಿನಿಂದ 5 ಮಿಲಿಗ್ರಾಂನಷ್ಟು ಸಿದ್ಧ ವಿಟಮಿನ್ ಒದಗಿಸಿದರೆ ಔಷಧ ಮುಚ್ಚಿದ ಬಾಗಿಲನ್ನು ನೀವೇ ತೆರೆದಂತಾಗುತ್ತದೆ. ಈ ಔಷಧ ಕೊಟ್ಟ ಮೇಲೆ ಎರಡು ವಾರವಾದರೂ ಅಷ್ಟು ದೊಡ್ಡ ಪ್ರಮಾಣ ಬೇಡ. ಊಟದ ಪುಂಡಿ ಪಲ್ಲೆ, ಹೆಸರುಬೇಳೆಯಿಂದ ಬರುವ ಫೋಲೇಟಿಗೆ ಅಂಜಬೇಕಿಲ್ಲ.

ಆರ್ಟಿಸುನೇಟ್ ರೋಗಾಣುವಿನೊಳಗಿನ ಕಬ್ಬಿಣಾಂಶದೊಡನೆ ಸೇರಿದಾಗ ಹುಟ್ಟುವ ಉಗ್ರ ಕಣಗಳೇ ಅದನ್ನು ಕೊಲ್ಲುತ್ತವೆ. ವಿಟಮಿನ್ ಸಿ ಅಂಥ ಕಣಗಳನ್ನು ತಣಿಸುವ ಗುಣದ್ದಾದ್ದರಿಂದ, ಆರ್ಟಿಸುನೇಟ್ ನುಂಗುವ ಮೂರು ದಿನ ವಿಟಮಿನ್ ಸಿ ಮಾತ್ರೆಯನ್ನು ಬಿಡುವುದೇ ಲೇಸೆಂದು ನನ್ನ ಅಭಿಪ್ರಾಯ; ಸಾರಿಗೆ ನಿಂಬೆಹಣ್ಣು ಹಿಂಡಿಕೊಳ್ಳಲಿ.

ಇನ್ನು ಕಷಾಯದ ಮಾತು. ಗಿಡಮೂಲಿಕೆಯ ಶಕ್ತಿಯನ್ನು ನಾನು ಅಲ್ಲಗಳೆಯುವುದಿಲ್ಲ. ನಿಮ್ಮ ತಮ್ಮನ ಆರ್ಟಿಸುನೇಟಿನ ಮೂಲವೇ, ನಮ್ಮ ಹೆಣ್ಣುಮಕ್ಕಳು ಮುಡಿಯುವ ದವನದ ಕುಲಕ್ಕೆ ಸೇರಿದ ಒಂದು ಗಿಡ. ಅದರ ಸಾರದಿಂದ ಆರ್ಟಿಮಿಸಿನಿನ್ ಕಂಡುಹಿಡಿದ ಚೀನಾದ ತೂ ಯೂಯೂ ಅವರಿಗೆ 2015ರಲ್ಲಿ ನೊಬೆಲ್ ಬಂದಿತು. ಆದರೂ ಅದೇ ಗಿಡದ ಎಲೆಯನ್ನು ಕುದಿಸಿ ಕುಡಿಯುವುದನ್ನು ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿಲ್ಲ, ಏಕೆಂದರೆ ಎಲೆಯಿಂದ ಎಲೆಗೆ ಔಷಧಾಂಶ ಬದಲಾಗುತ್ತದೆ. ಅರೆಬರೆ ಪ್ರಮಾಣದಲ್ಲಿ ರೋಗಾಣು ಸಾಯುವ ಬದಲು ಔಷಧಕ್ಕೆ ಒಗ್ಗಿಕೊಳ್ಳಬಹುದು. ಬೇವಿನ ಕೆಲವು ಅಂಶಗಳೂ ಪ್ರಯೋಗಾಲಯದಲ್ಲಿ ಈ ರೋಗಾಣುವನ್ನು ತಡೆದಿವೆ, ಆದರೆ ಲೋಟದ ಕಷಾಯಕ್ಕೆ ಆ ಲೆಕ್ಕವಿಲ್ಲ. ಅಮೃತಬಳ್ಳಿಯಿಂದ ಕೆಲವರಿಗೆ ಯಕೃತ್ತಿಗೆ ಪೆಟ್ಟಾದದ್ದೂ ವರದಿಯಾಗಿದೆ. ಎಲ್ಲಕ್ಕಿಂತ ಹತ್ತಿರದ ಅಪಾಯವೆಂದರೆ ವಾಂತಿ: ಜ್ವರದ ಖಾಲಿ ಹೊಟ್ಟೆಗೆ ಕಹಿ ಕಷಾಯ ಬಿದ್ದು, ನುಂಗಿದ ಮಾತ್ರೆ ಅರ್ಧ ಗಂಟೆಯೊಳಗೆ ಹೊರಬಂದರೆ ಆ ಪ್ರಮಾಣವನ್ನು ಪೂರ್ತಿಯಾಗಿ ಮತ್ತೆ ಕೊಡಬೇಕಾಗುತ್ತದೆ. ಹಾಗಾದರೆ ಕೂಡಲೇ ಆಶಾ ಕಾರ್ಯಕರ್ತೆಗೆ ತಿಳಿಸಿ.

ಎರಡನೆಯ ದಿನವೇ ಮೈ ತಣ್ಣಗಾದರೂ ಮಾತ್ರೆಗಳನ್ನು ಮುಗಿಸಲೇಬೇಕು. ಮಂಪರು, ಫಿಟ್ಸ್, ಏದುಸಿರು, ಕಪ್ಪು ಬಣ್ಣದ ಮೂತ್ರ, ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲೆಂದು ಕಾಯದೆ ಜಿಲ್ಲಾ ಆಸ್ಪತ್ರೆಗೆ ಕರೆದೊಯ್ಯಿರಿ.