ಸಂಪಾದಕರ ಉತ್ತರ: ಸಂಶಯದ ಪಟ್ಟಿ

ಮಾನ್ಯರೇ,

ಲೈಂಗಿಕ ಅಲ್ಪಸಂಖ್ಯಾತರು ಬೆಂಗಳೂರಿನಲ್ಲಿ ನಡೆಸುವ ಪ್ರೈಡ್ ಮೆರವಣಿಗೆಯ ಕುರಿತು ನಾವು ಪ್ರಕಟಿಸಿದ ಬರಹವನ್ನು ಓದಿ, "ಪಶ್ಚಿಮದಿಂದ ಬಂದ ಈ ಗೀಳಿಗೂ ಬ್ರಿಟಿಷ್ ಆಳ್ವಿಕೆಗೂ ಏನು ಸಂಬಂಧ?" ಎಂದು ಜಯನಗರದಿಂದ ಕೇಳಿದ್ದೀರಿ. ಮೆರವಣಿಗೆಯ ಬಾವುಟ ಹೊರಗಿನದು, ಒಪ್ಪುತ್ತೇನೆ. ಆದರೆ ಅದನ್ನು ಹಿಡಿದವರು ಎದುರಿಸಿದ ಕಾನೂನು ಬಾವುಟಕ್ಕಿಂತ ಬಹಳ ಮೊದಲೇ ಹೊರಗಿನಿಂದ ಬಂದಿತ್ತು.

'ಪ್ರಕೃತಿಗೆ ವಿರುದ್ಧವಾದ' ಲೈಂಗಿಕ ಕ್ರಿಯೆಯನ್ನು ಅಪರಾಧವೆಂದ, 1860ರ ದಂಡ ಸಂಹಿತೆಯ 377ನೇ ಕಲಮಿನ ಬೇರು, ಎಂಟನೇ ಹೆನ್ರಿಯ ಕಾಲದಲ್ಲಿ, 1533ರಲ್ಲಿ ಇಂಗ್ಲೆಂಡ್ ಮಾಡಿದ ಶಾಸನದಲ್ಲಿದೆ. ಇದರ ಚರ್ಚೆ ಸಾಕಷ್ಟಾಗಿದೆ. ಅಷ್ಟಾಗಿ ಯಾರೂ ನೆನೆಯದಿರುವುದು 1871ರ ಕ್ರಿಮಿನಲ್ ಟ್ರೈಬ್ಸ್ (ಅಪರಾಧಿ ಬುಡಕಟ್ಟುಗಳ) ಕಾಯ್ದೆಯ ಎರಡನೇ ಭಾಗವನ್ನು. ಮಕ್ಕಳನ್ನು ಅಪಹರಿಸುತ್ತಾರೆ ಅಥವಾ 377ರ ಅಪರಾಧ ಎಸಗುತ್ತಾರೆ ಎಂಬ ಸಂಶಯವಷ್ಟೇ ಇದ್ದರೂ ಹಿಜ್ರಾಗಳ ಹೆಸರು, ವಾಸಸ್ಥಳಗಳನ್ನು ಪಟ್ಟಿಗೆ ಸೇರಿಸಬಹುದಿತ್ತು. ಪಟ್ಟಿಯಲ್ಲಿದ್ದವರು ಹೆಣ್ಣುಡುಗೆ ತೊಟ್ಟು ಬೀದಿಯಲ್ಲಿ ಕಾಣಿಸಿಕೊಂಡರೆ ಅಥವಾ ಸಾರ್ವಜನಿಕವಾಗಿ ಕುಣಿದರೆ ಎರಡು ವರ್ಷಗಳವರೆಗೆ ಸೆರೆವಾಸ ಕಾದಿತ್ತು. ದತ್ತು ಪಡೆಯುವ, ಉಯಿಲು ಬರೆಯುವ ಹಕ್ಕೂ ಅವರಿಗಿರಲಿಲ್ಲ. ಗುರುವಿನಿಂದ ಚೇಲಾಗಳಿಗೆ ಮುಂದುವರಿಯುವ ಮನೆತನವೊಂದಕ್ಕೆ ಸೆರೆಮನೆಗಿಂತ ಈ ಕೊನೆಯ ನಿಷೇಧವೇ ಹೆಚ್ಚು ಘಾತಕವಾಗಿತ್ತೆಂದು ನನ್ನ ಅನಿಸಿಕೆ.

ಇದನ್ನು ಅವರು ಸುಮ್ಮನೆ ಸಹಿಸಲಿಲ್ಲ. ಹಲವರು ದೇಶೀ ಸಂಸ್ಥಾನಗಳ ಗಡಿ ದಾಟಿದರು. ಹೆಣ್ಣುಡುಗೆಯಲ್ಲಿ ಹಾಡುತ್ತಿದ್ದುದಕ್ಕೆ ಪೊಲೀಸರ ಕಣ್ಣಿಗೆ ಬಿದ್ದು 377ರಡಿ ಶಿಕ್ಷೆಗೊಳಗಾಗಿದ್ದ ಖೈರಾತಿಯವರ ಪ್ರಕರಣದಲ್ಲಿ, ಕೃತ್ಯ ಯಾವಾಗ, ಎಲ್ಲಿ, ಯಾರೊಡನೆ ನಡೆಯಿತೆಂಬ ವಿವರವೇ ಇಲ್ಲವೆಂದು 1884ರಲ್ಲಿ ಅಲಹಾಬಾದ್ ಹೈಕೋರ್ಟ್ ಶಿಕ್ಷೆಯನ್ನು ರದ್ದುಗೊಳಿಸಿತು. (ತೀರ್ಪಿನಲ್ಲಿ ಅಧಿಕಾರಿಗಳ ಉದ್ದೇಶಕ್ಕೆ ಮೆಚ್ಚುಗೆಯೂ ಇದೆ, ಅದು ಬೇರೆ ಮಾತು.)

ಬ್ರಿಟಿಷರಿಗೆ ಮೊದಲು ಎಲ್ಲವೂ ಸುಖವಾಗಿತ್ತೆಂದು ನಾನು ವಾದಿಸುತ್ತಿಲ್ಲ. ಸವದತ್ತಿಯ ಎಲ್ಲಮ್ಮನಿಗೆ ಮುಡಿಪಾಗಿ ಹೆಣ್ಣುಡುಗೆ ತೊಡುವ ಜೋಗಪ್ಪಗಳಿಗೆ ಪಡ್ಡಲಗಿ (ದೇವಿಯ ಬುಟ್ಟಿ) ಹೊರುವ ಗೌರವವೂ ಉಂಟು, ಭಿಕ್ಷೆಯ ಬದುಕೂ ಉಂಟು. ಆ ಪರಂಪರೆಯ ಮಂಜಮ್ಮ ಜೋಗತಿಯವರಿಗೆ ಪದ್ಮಶ್ರೀ ಬಂದದ್ದು 2021ರಲ್ಲಿ.

ತಪ್ಪನ್ನೆಲ್ಲ ಬ್ರಿಟಿಷರ ತಲೆಗೆ ಕಟ್ಟುವುದೂ ನ್ಯಾಯವಲ್ಲ. 377ರ ಹಿಡಿತದಿಂದ ವಯಸ್ಕರ ಸಮ್ಮತಿಯ ಸಂಬಂಧಗಳನ್ನು ಸುಪ್ರೀಂ ಕೋರ್ಟ್ ಬಿಡಿಸಿದ್ದು 2018ರ ಸೆಪ್ಟೆಂಬರ್ 6ರಂದು. ಅದಕ್ಕೆ ಏಳು ವರ್ಷ ಮೊದಲು, 2011ರಲ್ಲಿ, ಕರ್ನಾಟಕ ಪೊಲೀಸ್ ಕಾಯ್ದೆಗೆ ಸೇರಿಸಿದ 36ಎ ಕಲಮು 1871ರ ಮಾತುಗಳನ್ನೇ ಬಹುಮಟ್ಟಿಗೆ ಮರಳಿ ತಂದು, ಸಂಶಯದ ಮೇಲೆ ಹಿಜ್ರಾಗಳ ಪಟ್ಟಿ ಇಡುವ ಅಧಿಕಾರವನ್ನು ಪೊಲೀಸರಿಗೆ ಕೊಟ್ಟಿತು. ಅದನ್ನು ಬರೆದವರು ವಿಧಾನಸೌಧದಲ್ಲಿದ್ದ ನಮ್ಮವರೇ. ಸಮುದಾಯದ ಸಂಘಟನೆ ಹೈಕೋರ್ಟಿನ ಮೆಟ್ಟಿಲೇರಿದ ಮೇಲೆ ಸರ್ಕಾರ ಆ ಕಲಮಿನಲ್ಲಿ ಸಮುದಾಯವನ್ನು ಸೂಚಿಸುತ್ತಿದ್ದ ಪದವನ್ನು ತೆಗೆದು, 'ವ್ಯಕ್ತಿ' ಎಂದು ತಿದ್ದಿತು.

– ಸಂಪಾದಕ