ಜಾಮೀನು ಸಿಕ್ಕಿದೆ, ತಮ್ಮ ಇನ್ನೂ ಒಳಗೇ ಇದ್ದಾನೆ

*ಪ್ರಶ್ನೆ: ಮೇಡಂ, ನಮ್ಮದು ಕೊಪ್ಪಳ ಜಿಲ್ಲೆಯ ಒಂದು ಹಳ್ಳಿ. ತಮ್ಮ ಬೆಂಗಳೂರಿನಲ್ಲಿ ಪೇಂಟಿಂಗ್ ಕೆಲಸ ಮಾಡ್ತಿದ್ದ. ಹೊಡೆದಾಟದ ಕೇಸಿನಲ್ಲಿ ಹಿಡಿದು ಪರಪ್ಪನ ಅಗ್ರಹಾರಕ್ಕೆ ಕಳಿಸಿದ್ದಾರೆ. ಜಾಮೀನು ಆಗಿ ಹತ್ತು ದಿನವಾಯ್ತು. 50,000 ರೂಪಾಯಿ ಬಾಂಡ್, ಅಷ್ಟೇ ಮೊತ್ತಕ್ಕೆ ಇಬ್ಬರು ಸ್ಥಳೀಯ ಶ್ಯೂರಿಟಿ ಅಂತ ಆರ್ಡರ್ ಇದೆ. ಬೆಂಗಳೂರಲ್ಲಿ ನಮಗೆ ಯಾರೂ ಇಲ್ಲ. ಕೋರ್ಟ್ ಗೇಟಿನ ಹತ್ತಿರ ಒಬ್ಬರು ‘ಒಬ್ಬೊಬ್ಬರಿಗೆ ಎಂಟು ಸಾವಿರ ಕೊಡಿ, ಶ್ಯೂರಿಟಿ ನಾನು ತರ್ತೀನಿ’ ಅಂತಿದ್ದಾರೆ. ಕೊಡಬಹುದಾ?*

ಬೇಡ ತಂಗಿ, ಕೊಡಬೇಡಿ.

ಮೊದಲು ಒಂದು ವಿಷಯ ತಿಳಿದುಕೊಳ್ಳಿ. ಆ 50,000 ರೂಪಾಯಿಯನ್ನು ಈಗ ಯಾರೂ ಕಟ್ಟಬೇಕಾಗಿಲ್ಲ. ‘ಕರೆದಾಗೆಲ್ಲ ಕೋರ್ಟಿಗೆ ಬರುತ್ತೇನೆ, ಬರದಿದ್ದರೆ ಇಷ್ಟು ಹಣ ಕಟ್ಟುತ್ತೇನೆ’ ಎಂದು ನಿಮ್ಮ ತಮ್ಮ ಬರೆದುಕೊಡುವುದೇ ಬಾಂಡ್. ಅವನು ಬರದಿದ್ದರೆ ನಾನು ಹೊಣೆ ಎಂದು ಸಹಿ ಹಾಕುವವರು ಶ್ಯೂರಿಟಿ, ಅಂದರೆ ಜಾಮೀನುದಾರರು. ದುಡ್ಡಿಲ್ಲ ಎಂದು ಊರಲ್ಲಿ ಎತ್ತು ಮಾರಿಕೊಂಡು ಓಡಿಬರುವವರನ್ನು ನೋಡಿದಾಗ ಹೊಟ್ಟೆ ಉರಿಯುತ್ತದೆ. ಈ ಮಾತನ್ನು ಅವರಿಗೆ ಆರ್ಡರ್ ಆದ ದಿನವೇ ಯಾರಾದರೂ ಹೇಳಬೇಕಿತ್ತು.

ಗೇಟಿನ ಹತ್ತಿರದವರು ತರುವ ಶ್ಯೂರಿಟಿ ಯಾರು? ನಿಮ್ಮ ತಮ್ಮನ ಮುಖವನ್ನೇ ನೋಡಿರದ ಮನುಷ್ಯ. ಅವರ ಕೈಯಲ್ಲಿರುವ ಪಹಣಿ, ಆಧಾರ್ ಎಷ್ಟೋ ಸಲ ಸುಳ್ಳು. ಬೇರೆಯವರ ಹೆಸರಿನಲ್ಲಿ ಶ್ಯೂರಿಟಿಗೆ ನಿಂತರೆ ಮೂರು ವರ್ಷದವರೆಗೆ ಜೈಲು ಆಗಬಹುದು. ಕಾಗದ ಸುಳ್ಳು ಎಂದು ಗೊತ್ತಾದ ದಿನ ನಿಮ್ಮ ತಮ್ಮನ ಜಾಮೀನಿಗೂ ಕುತ್ತು ಬರುತ್ತದೆ. ದುಡ್ಡು ಕೊಟ್ಟವರು ಯಾರು ಎಂದು ಪೊಲೀಸರು ಕೇಳಿದರೆ ನಿಮ್ಮ ಹೆಸರೂ ಬರುತ್ತದೆ. ಒಂದು ಹೊಡೆದಾಟದ ಕೇಸು ಮನೆಮಂದಿಯ ಕೇಸಾಗುವುದು ಬೇಡ, ಅಲ್ವಾ?

ಹಾಗಾದರೆ ಏನು ಮಾಡಬೇಕು? ನಿಮ್ಮೂರಿನವರನ್ನೇ ಕರೆತನ್ನಿ. ಕೊಪ್ಪಳದ ಜಮೀನು ಬೆಂಗಳೂರಿನಲ್ಲಿ ನಡೆಯಲ್ಲ ಎಂದು ಯಾರೋ ಹೇಳಿರುತ್ತಾರೆ. 1978ರಲ್ಲೇ ಸುಪ್ರೀಂ ಕೋರ್ಟ್ ಇದಕ್ಕೆ ಉತ್ತರ ಕೊಟ್ಟಿದೆ. ಮಧ್ಯಪ್ರದೇಶದ ಮೋತಿರಾಮ್ ಎಂಬ ಗಾರೆ ಕೆಲಸದವರ ಕೇಸು ಅದು. ಮ್ಯಾಜಿಸ್ಟ್ರೇಟ್ 10,000 ರೂಪಾಯಿ ಶ್ಯೂರಿಟಿ ಕೇಳಿದ್ದರು. ಅಣ್ಣತಮ್ಮನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂದು ಅವರ ಶ್ಯೂರಿಟಿಯನ್ನು ಒಪ್ಪಿರಲಿಲ್ಲ. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು ಇದು ತಪ್ಪು ಎಂದರು. ಬೇರೆ ಜಿಲ್ಲೆ ಎಂಬ ಒಂದೇ ಕಾರಣಕ್ಕೆ ತಳ್ಳಿಹಾಕುವಂತಿಲ್ಲ ಎಂದು ಹೇಳಿ, 1,000 ರೂಪಾಯಿಯ ಸ್ವಂತ ಬಾಂಡಿನ ಮೇಲೆ ಅವರನ್ನು ಬಿಡಿಸಿದರು. ನಿಮ್ಮ ವಕೀಲರಿಗೆ ಈ ತೀರ್ಪು ಗೊತ್ತಿರುತ್ತದೆ. ‘ಸ್ಥಳೀಯ’ ಎಂಬ ಷರತ್ತು ಸಡಿಲಿಸಿ ಎಂದು ಒಂದು ಅರ್ಜಿ ಹಾಕಿಸಿ.

ಇನ್ನೊಂದು ವಿಷಯವೂ ತಿಳಿದಿರಲಿ. 2023ರ ಜನವರಿ 31ರಂದು ಸುಪ್ರೀಂ ಕೋರ್ಟ್ ಕೆಲವು ನಿರ್ದೇಶನಗಳನ್ನು ಕೊಟ್ಟಿದೆ. ಜಾಮೀನು ಆಗಿ ಏಳು ದಿನದಲ್ಲಿ ಕೈದಿ ಹೊರಬರದಿದ್ದರೆ ಜೈಲು ಸೂಪರಿಂಟೆಂಡೆಂಟ್ ಅವರೇ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು. ಒಂದು ತಿಂಗಳಾದರೂ ಬಾಂಡ್ ಕೊಡಲಾಗದಿದ್ದರೆ ಕೋರ್ಟ್ ತಾನಾಗಿಯೇ ಷರತ್ತು ಬದಲಿಸುವುದನ್ನು ಪರಿಶೀಲಿಸಬಹುದು. ನಿಮಗೆ ಹತ್ತು ದಿನ ಕಳೆದಿದೆ, ಸುಮ್ನೆ ಕಾಯಬೇಡಿ. ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ 15100ಕ್ಕೆ ಫೋನ್ ಮಾಡಿ. ಜೈಲಿನಲ್ಲಿರುವವರಿಗೆ ಆದಾಯ ಎಷ್ಟೇ ಇರಲಿ, ವಕೀಲರು ಉಚಿತ. ಬಡ ಕೈದಿಗಳ ಜಾಮೀನಿಗೆ ಕೇಂದ್ರ ಸರ್ಕಾರದ 2023ರ ಯೋಜನೆಯೂ ಇದೆ. ಅದರ ಬಗ್ಗೆಯೂ ಪ್ರಾಧಿಕಾರದಲ್ಲೇ ವಿಚಾರಿಸಿ.

ಶ್ಯೂರಿಟಿಗೆ ಬರುವವರನ್ನು ಮನೆಯಲ್ಲೇ ತಯಾರು ಮಾಡಿ ಕರೆತನ್ನಿ. ಹೊಸದಾಗಿ ತೆಗೆಸಿದ ಪಹಣಿ, ಕಂದಾಯದ ರಸೀದಿ, ಆಧಾರ್, ಫೋಟೊ ಇರಲಿ. ಪಹಣಿಯಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು ಇದ್ದರೆ ಅಲ್ಲೇ ತಡೆಯುತ್ತಾರೆ. ಅಪ್ಪ ತೀರಿಕೊಂಡು ಪೌತಿ ಖಾತೆ ಆಗಿರದ ಜಮೀನೂ ತೊಂದರೆಯೇ. ಇಂಥ ಕಾರಣಕ್ಕೆ ರಾತ್ರಿ ಬಸ್ಸಿನಲ್ಲಿ ಬಂದ ಹಿರಿಯರು ಸಂಜೆ ಹಾಗೇ ವಾಪಸ್ ಹೋಗುತ್ತಾರೆ. ಜಡ್ಜ್ ಎದುರು ನಿಲ್ಲಿಸಿ ಕೇಳುವುದು ಸರಳ ಪ್ರಶ್ನೆ: ‘ಇವನು ನಿಮಗೆ ಏನಾಗಬೇಕು? ಎಷ್ಟು ಎಕರೆ ಇದೆ? ಬೇರೆ ಯಾರಿಗಾದರೂ ಶ್ಯೂರಿಟಿ ಕೊಟ್ಟಿದ್ದೀರಾ? ಇವನು ಬರದಿದ್ದರೆ 50,000 ನೀವು ಕಟ್ಟಬೇಕು, ಗೊತ್ತಾ?’ ಚಿಕ್ಕಪ್ಪನೋ ಸೋದರಮಾವನೋ ಆದರೆ ಇದಕ್ಕೆಲ್ಲ ಹೆದರಬೇಕಾಗಿಲ್ಲ, ನಿಜ ಹೇಳಿದರೆ ಸಾಕು. ಬಾಡಿಗೆಗೆ ಬಂದವರು ತಡವರಿಸುವುದು ಮೊದಲನೇ ಪ್ರಶ್ನೆಗೇ.

ಶ್ಯೂರಿಟಿಯೇ ಸಿಗದಿದ್ದರೆ ಅದರ ಬದಲು ನಗದು ಠೇವಣಿ ಇಡಲು ಅನುಮತಿ ಕೇಳಬಹುದು. ಮೊತ್ತ ಜಾಸ್ತಿ ಅನಿಸಿದರೆ ಕಡಿಮೆ ಮಾಡಿ ಎಂದು ಸೆಷನ್ಸ್ ಕೋರ್ಟನ್ನೂ ಕೇಳಬಹುದು. ಬಾಂಡ್ ಮೊತ್ತ ಮಿತಿಮೀರಿ ಇರಬಾರದು ಎಂದು ಕಾನೂನಿನಲ್ಲೇ ಬರೆದಿದೆ.

*ಪ್ರಶ್ನೆ: ಜೊತೆಗೆ ಕೆಲಸ ಮಾಡುವವನಿಗೆ ಶ್ಯೂರಿಟಿ ಕೊಟ್ಟಿದ್ದೆ. ಎರಡು ಡೇಟ್‌ಗೆ ಅವನು ಬಂದಿಲ್ಲ, ಫೋನ್ ಸ್ವಿಚ್ ಆಫ್. ನನಗೆ ಕೋರ್ಟ್ ನೋಟಿಸ್ ಬಂದಿದೆ. ಏನಾದರೂ ನಷ್ಟವಾದರೆ ತುಂಬಿಕೊಡುತ್ತೇನೆ ಎಂದು ಅವನು ಸ್ಟಾಂಪ್ ಪೇಪರ್ ಮೇಲೆ ಬರೆದುಕೊಟ್ಟಿದ್ದಾನೆ. ಅದು ನಡೆಯುತ್ತಾ?*

ನಡೆಯುವುದಿಲ್ಲ. ಆರೋಪಿಯೇ ನಷ್ಟ ತುಂಬಿಕೊಡುವ ಹಾಗಿದ್ದರೆ ಅವನನ್ನು ಕೋರ್ಟಿಗೆ ಕರೆತರಬೇಕೆಂಬ ಕಾಳಜಿ ಶ್ಯೂರಿಟಿಗೆ ಉಳಿಯುವುದಿಲ್ಲ. ಅದಕ್ಕೇ ಇಂಥ ಕರಾರನ್ನು ನಮ್ಮ ಕೋರ್ಟುಗಳು ಒಪ್ಪುವುದಿಲ್ಲ.

ನೋಟಿಸಿನಲ್ಲಿರುವ ದಿನ ತಪ್ಪದೆ ಹೋಗಿ. ಅದು ‘ಹಣ ಕಟ್ಟಿ, ಇಲ್ಲವೇ ಯಾಕೆ ಕಟ್ಟಬಾರದು ಹೇಳಿ’ ಎಂದು ಕೇಳುವ ನೋಟಿಸ್. ಅವನನ್ನು ಹುಡುಕಲು ಏನೇನು ಮಾಡಿದಿರಿ, ಎಲ್ಲೆಲ್ಲಿ ವಿಚಾರಿಸಿದಿರಿ, ಎಲ್ಲವನ್ನೂ ಹೇಳಿ. ಅವನ ಊರಿನ ವಿಳಾಸ ಗೊತ್ತಿದ್ದರೆ ಕೊಡಿ. ಕಾರಣ ದಾಖಲಿಸಿ ಒಂದಿಷ್ಟು ಮೊತ್ತವನ್ನು ಬಿಟ್ಟುಕೊಡುವ ಅಧಿಕಾರ ಕೋರ್ಟಿಗಿದೆ. ಹೋಗದೆ ಮನೆಯಲ್ಲಿ ಕೂತರೆ ದಂಡದ ಹಾಗೆ ವಸೂಲಿಗೆ ಬರುತ್ತಾರೆ. ವಸೂಲಿ ಆಗದಿದ್ದರೆ ಆರು ತಿಂಗಳವರೆಗೆ ಸಿವಿಲ್ ಜೈಲು ಕೂಡ ಆಗಬಹುದು.

ಓದುವ ಇತರರಿಗೂ ಒಂದು ಮಾತು. ಆರೋಪಿಯ ನಡೆ ಸರಿ ಕಾಣದಿದ್ದರೆ ‘ನನ್ನನ್ನು ಶ್ಯೂರಿಟಿಯಿಂದ ಬಿಡಿಸಿ’ ಎಂದು ಯಾವಾಗ ಬೇಕಾದರೂ ಅರ್ಜಿ ಹಾಕಬಹುದು. ಕೋರ್ಟ್ ಅವನಿಗೆ ವಾರಂಟ್ ಹೊರಡಿಸಿ, ಅವನು ಬಂದ ಮೇಲೆ ನಿಮ್ಮನ್ನು ಬಿಡುತ್ತದೆ. ಅವನು ಡೇಟ್ ತಪ್ಪಿಸುವ ಮೊದಲೇ ಈ ಅರ್ಜಿ ಹಾಕಿದರೆ ಒಳ್ಳೆಯದು. ಹೆಚ್ಚಿನವರಿಗೆ ಈ ದಾರಿ ಇರುವುದೇ ಗೊತ್ತಿಲ್ಲ.

*ಪ್ರಶ್ನೆ: ಅಮೆರಿಕದಲ್ಲಿ ಬೇಲ್ ಏಜೆಂಟ್‌ಗಳು ಅಂಗಡಿ ಇಟ್ಟುಕೊಂಡಿರುತ್ತಾರಂತೆ. ನಮ್ಮೂರಲ್ಲಿ ಅಂಥವರು ಎಲ್ಲಿ ಸಿಗುತ್ತಾರೆ?*

ಎಲ್ಲೂ ಸಿಗುವುದಿಲ್ಲ. ನಮ್ಮಲ್ಲಿ ಅಂಥ ಲೈಸೆನ್ಸೇ ಇಲ್ಲ. ಅಮೆರಿಕದ ಹಲವು ರಾಜ್ಯಗಳಲ್ಲಿ ಬಾಂಡ್ ಮೊತ್ತದ ಸುಮಾರು ಶೇ. 10ರಷ್ಟನ್ನು ಏಜೆಂಟ್‌ಗೆ ಕಟ್ಟಿದರೆ ಅವರೇ ಹೊಣೆ ನಿಲ್ಲುತ್ತಾರೆ. ಆ ಹಣ ವಾಪಸ್ ಬರುವುದಿಲ್ಲ, ಕೇಸು ಬಿದ್ದುಹೋದರೂ ಬರುವುದಿಲ್ಲ. ಅಲ್ಲೂ ಎಲ್ಲರೂ ಇದನ್ನು ಒಪ್ಪಿಲ್ಲ. ಇಲಿನಾಯ್ ರಾಜ್ಯ 2023ರ ಸೆಪ್ಟೆಂಬರಿನಲ್ಲಿ ಹಣದ ಜಾಮೀನನ್ನೇ ತೆಗೆದುಹಾಕಿತು. ನಿಮ್ಮೂರಲ್ಲಿ ಯಾರಾದರೂ ‘ಬೇಲ್ ಏಜೆಂಟ್’ ಎಂದು ಹೇಳಿಕೊಂಡು ಬಂದರೆ ಒಂದು ಪೈಸೆಯನ್ನೂ ಕೊಡಬೇಡಿ. ನೇರ ಜಿಲ್ಲಾ ಕೋರ್ಟಿಗೆ ಹೋಗಿ, ಕಾನೂನು ಸೇವಾ ಪ್ರಾಧಿಕಾರದ ಕಚೇರಿ ಎಲ್ಲಿ ಎಂದು ಕೇಳಿ. ಹೋಗುವಾಗ ಜಾಮೀನು ಆರ್ಡರಿನ ಪ್ರತಿ ಜೊತೆಗಿರಲಿ. ಪ್ರತಿ ಸಿಕ್ಕಿಲ್ಲದಿದ್ದರೆ ಕೇಸ್ ನಂಬರ್ ಬರೆದುಕೊಂಡು ಹೋದರೂ ಸಾಕು.